ಜಡ ಗಣಿತ ಓದಿದ ಹುಡುಗಿಗೆ ಸೀಟಿಲ್ಲವೇ?

ವಿಜ್ಞಾನ ಕಾಲೇಜಿನ ಪ್ರವೇಶ ಸಮಿತಿಯ ಅಧ್ಯಕ್ಷ ಮಹಾಶಯರೇ,

ಕಠಿಣ ವಿಷಯ ಓದಿದವರನ್ನು ಹೊರಗೆ ನಿಲ್ಲಿಸಿ, ಸುಲಭ ವಿಷಯ ಓದಿದವರನ್ನು ಒಳಗೆ ಕರೆದು ಕೂಡಿಸುವ ತಮ್ಮ ಪದ್ಧತಿಯ ಮೇಲೆ ನನ್ನ ತಕರಾರು ಇದೆ. ಇದನ್ನು ಮೊದಲು ತಮ್ಮ ಕೋಣೆಗೇ ಬಂದು ಹೇಳಿದೆ. ತಾವು ಕೇಳಿದಿರಿ, ತಲೆ ಆಡಿಸಿದಿರಿ, ಚಹಾ ತರಿಸಿದಿರಿ. ಚಹಾ ಚೆನ್ನಾಗಿತ್ತು. ಅದರ ಜೊತೆಗೆ ನ್ಯಾಯ ಮಾತ್ರ ಬರಲಿಲ್ಲ. ಆದ್ದರಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನರೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ತಮ್ಮ ಹೆಸರು ಬರೆದಿಲ್ಲ. ಮನುಷ್ಯರಾಗಿ ತಾವು ಸಜ್ಜನರೇ ಇದ್ದೀರಿ, ನನ್ನ ಜಗಳವೆಲ್ಲ ತಾವು ಕುಳಿತ ಕುರ್ಚಿಯ ಜೊತೆಗೆ.

ನಾನು ಇಂಡಿಯ ಕೋರ್ಟಿನಲ್ಲಿ ಬದುವಿನ ಜಗಳ, ಎಮ್ಮೆಯ ಜಗಳ ನಡೆಸಿ ಹೊಟ್ಟೆ ಹೊರೆಯುವ ವಕೀಲ. ನನ್ನ ಅಕ್ಕ ರೇವವ್ವನನ್ನು ಕನ್ನೊಳ್ಳಿಗೆ ಕೊಟ್ಟಿದೆ. ಭಾವ ಮಾಳಿಂಗಪ್ಪ ಕುರಿ ಕಾಯುವ ಮನುಷ್ಯ, ಮಾತು ಕಡಿಮೆ, ಆಡಿದರೆ ತಪ್ಪುವವನಲ್ಲ. ಅವರ ಮಗಳು ಸುಂದರವ್ವ ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಅವಳಿಗೆ ಪಿಯುಸಿ ವಿಜ್ಞಾನ ಬೇಕು. ಭಾವ ಅವಳಿಗೆ ಹೇಳಿದ್ದು ಇಷ್ಟೇ: "ಸೀಟ ಸಿಕ್ರ ಸಾಲಿ ಕಲಿ. ಸಿಗಲಿಲ್ಲಂದ್ರ ದೀಪಾವಳಿ ಆದ ಮ್ಯಾಲೆ ಲಗ್ನ." ವರ ಲಚ್ಯಾಣದವನು, ಒಳ್ಳೆಯ ಹುಡುಗ, ಅವನ ತಪ್ಪೇನೂ ಇಲ್ಲ. ಆದರೆ ಸುಂದರವ್ವನಿಗೆ ಈಗ ವರ ಬೇಕಿಲ್ಲ, ಪ್ರಯೋಗಶಾಲೆ ಬೇಕು.

ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೆಯ ಇಯತ್ತೆಗೆ ಬಂದ ಮಕ್ಕಳು ಎರಡು ಗಣಿತಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದರಲ್ಲಿ ಬೀಜಗಣಿತ, ರೇಖಾಗಣಿತದ ಪ್ರಮೇಯಗಳು, ಕಣ್ಣು ಕತ್ತಲೆ ಬರಿಸುವ ಸಮೀಕರಣಗಳು. ಇನ್ನೊಂದರಲ್ಲಿ ಲಾಭ ನಷ್ಟ, ಬಡ್ಡಿ, ಒಂದು ಕಡೆ ನೀರು ತುಂಬುತ್ತ ಇನ್ನೊಂದು ಕಡೆ ಸೋರುವ ತೊಟ್ಟಿ. ಸರಕಾರ ಇವೆರಡಕ್ಕೂ ಉದ್ದನೆಯ ಹೆಸರುಗಳನ್ನು ಇಟ್ಟಿದೆ. ಮಕ್ಕಳು ಅವನ್ನು ಕಿವಿಯ ಮೇಲೆ ಹಾಕಿಕೊಂಡಿಲ್ಲ. ಅವರ ಬಾಯಲ್ಲಿ ಮೊದಲನೆಯದು ಜಡ ಗಣಿತ, ಎರಡನೆಯದು ಹಗುರ ಗಣಿತ.

ಗಣಿತ ಕಲಿಸುವ ದಾವಲಮಲಿಕ ಮಾಸ್ತರರು ಅಂದು ತರಗತಿಯಲ್ಲಿ ಹೇಳಿದರಂತೆ: "ಮುಂದ ವಿಜ್ಞಾನಕ್ಕ ಹೋಗಾವ್ರು ಜಡದ್ದ ತಗೋರಿ. ಹಗುರದ್ದು ತಗೊಂಡು ಹೋದ್ರ ಅಲ್ಲೆ ಮೊದಲನೇ ದಿನಾನ ಬಾಯಿ ಬಿಡ್ತೀರಿ." ಮಾಸ್ತರರ ಮಾತು ನಂಬಿ ಕೈ ಎತ್ತಿದವರು ಆರು ಮಂದಿ. ಅವರಲ್ಲಿ ಸುಂದರವ್ವ ಒಬ್ಬಳೇ ಹುಡುಗಿ. ಅವಳ ಓಣಿಯ ಭೀಮಶ್ಯಾ ಕೈ ಎತ್ತಲಿಲ್ಲ. ಅವನ ಅಣ್ಣ ಆಗಲೇ ಕಾಲೇಜಿನ ಮೆಟ್ಟಿಲು ಹತ್ತಿ ಇಳಿದವನು. ಅವನು ತಮ್ಮನಿಗೆ ಕಿವಿಮಾತು ಹೇಳಿದ್ದ: "ಅಲ್ಲೆ ಯಾರೂ ಏನ ಓದೀದಿ ಅಂತ ಕೇಳೂದಿಲ್ಲೊ. ಮಾರ್ಕ್ಸ ಎಷ್ಟು ಬಿದ್ದಾವು ಅಂತ ಕೇಳ್ತಾರ."

ಅಧ್ಯಕ್ಷರೇ, ತಮ್ಮ ಸಮಿತಿಯನ್ನು ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡವರು ಈ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ಭೀಮಶ್ಯಾನಿಗೆ ಹಗುರ ಗಣಿತದಲ್ಲಿ ಎಂಬತ್ತರ ಮೇಲೆ ಬಂತು. ಸುಂದರವ್ವನಿಗೆ ಜಡ ಗಣಿತದಲ್ಲಿ ಐವತ್ತೆಂಟು, ಆ ಆರು ಮಂದಿಯಲ್ಲಿ ಅದೇ ಹೆಚ್ಚು. ಒಟ್ಟು ಕೂಡಿಸಿದಾಗ ಅವನು ತಾವು ಎಳೆದ ಅಂಕದ ಗೆರೆಯ ಮೇಲೆ ಬಂದ, ಅವಳು ಕೂದಲೆಳೆಯಷ್ಟು ಕೆಳಗೆ ಉಳಿದಳು. ಗೆರೆಯ ಹತ್ತಿರ ಇರುವವರನ್ನು ಸಂದರ್ಶನಕ್ಕೆ ಕರೆದು ವಿಚಾರಿಸುವುದಾಗಿ ತಾವೇ ನೋಟೀಸು ಹಚ್ಚಿದ್ದಿರಿ. ನಾವು ಬಂದೆವು. ಪಾಲಕರು ಬಾಗಿಲಲ್ಲೇ ನಿಲ್ಲಬೇಕೆಂದು ಸಿಪಾಯಿ ಹೇಳಿದ, ನಿಂತೆ. ಒಳಗಿನ ಮಾತು ನನಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಗಣಿತದಲ್ಲಿ ಯಾಕಮ್ಮ ಇಷ್ಟು ಕಡಿಮೆ?" ಎಂದಿರಿ ತಾವು.

"ನಂದು ಜಡ ಗಣಿತರಿ ಸರ."

"ಜಡ ಗಣಿತವೇ! ಅದನ್ನು ಬೇರೆಯಾಗಿ ಕಲಿಸುತ್ತಾರಾ?"

"ಹೌದ್ರಿ. ಜಡದವ್ರು ನಾವು ಆರ ಮಂದಿ ಇದ್ವಿರಿ. ನಮಗ ಬ್ಯಾರೆ ಖೋಲ್ಯಾಗ ಕೂಡಸ್ತಿದ್ರು."

"ಪಾಪ. ಬೇಜಾರಾಗುತ್ತಿರಲಿಲ್ಲವೇ?"

"ಯಾಕ್ರಿ ಬ್ಯಾಸರ? ಮಾಸ್ತರು ನಮ್ಮನ್ನ ಕಂಡ್ರ ಭಾಳ ಜೀಂವ ಮಾಡ್ತಿದ್ರು."

ತಾವು ಕನ್ನಡಕ ತೆಗೆದು ಒರೆಸಿಕೊಂಡಿರಿ. ತಮ್ಮ ಪಕ್ಕದ ಸದಸ್ಯರು ನಿಟ್ಟುಸಿರು ಬಿಟ್ಟರು. "ಇಷ್ಟಾದರೂ ಅಂಕ ತೆಗೆದಿದ್ದೀಯಲ್ಲ, ಮೆಚ್ಚಬೇಕಾದ್ದೇ. ವಿಜ್ಞಾನ ನಿನಗೆ ಕಷ್ಟವಾಗುತ್ತದಮ್ಮ, ಹೊಲಿಗೆ ಗಿಲಿಗೆ ಕಲಿತುಕೋ" ಎಂದಿರಿ. ಕೋರ್ಟಿನಲ್ಲಿ ಎದುರಿನ ವಕೀಲನ ಬಾಯಿಂದ ಮಾತು ಬೀಳುವ ಮೊದಲೇ ಎದ್ದು ನಿಲ್ಲುವ ನನಗೆ ಅಂದು ಏನಾಗುತ್ತಿದೆ ಎಂದು ಹೊಳೆಯುವಷ್ಟರಲ್ಲಿ ಹುಡುಗಿ ಹೊರಗೆ ಬಂದಾಗಿತ್ತು. "ಮಾವಾ, ಸಾಹೇಬ್ರು ಭಾಳ ಛಲೋ ಅದಾರ. ನನ್ನ ಸಲುವಾಗಿ ಕಣ್ಣಾಗ ನೀರ ತಂದ್ರು. ಸೀಟ ಕೊಡೂದಿಲ್ಲ ಅಂದ್ರು, ಯಾಕ ಅಂತ ತಿಳೀಲಿಲ್ಲ" ಎಂದಳು.

ತಾವು ತುಂಗಭದ್ರೆಯ ಆಚೆಯಿಂದ ವರ್ಗವಾಗಿ ಬಂದವರು. ತಮ್ಮ ಕಡೆ ಜಡ ಎಂದರೆ ಮಂದ, ಚುರುಕಿಲ್ಲದ್ದು. ನಮ್ಮ ಕಡೆ ಜಡ ಎಂದರೆ ಭಾರ. ದೇವರ ಹಿಪ್ಪರಗಿಯ ಸಂತೆಯಲ್ಲಿ ಹಮಾಲ ಚೀಲಕ್ಕೆ ಕೈ ಹಚ್ಚುವ ಮೊದಲು "ಜಡ ಐತೇನ್ರಿ?" ಎಂದು ಕೇಳುತ್ತಾನೆ. ಅವನು ಜೋಳದ ಬುದ್ಧಿಮಟ್ಟ ವಿಚಾರಿಸುತ್ತಿರುವುದಿಲ್ಲ. ಇದನ್ನೇ ಒಳಗೆ ಬಂದು ಬಿಡಿಸಿ ಹೇಳಿದೆ. ತಾವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ, ನಾನೂ ನಕ್ಕೆ. ಇನ್ನೇನು ಸೀಟು ಸಿಕ್ಕಿತು ಎಂದುಕೊಂಡೆ. ಆಗ ತಾವು ಕಣ್ಣೊರೆಸಿಕೊಂಡು, "ಆದರೆ ನೋಡಿ ವಕೀಲರೇ, ಭಾರವೋ ಹಗುರವೋ, ನಮ್ಮಲ್ಲಿ ಗಣಿತ ಎಂಬುದು ಒಂದೇ ಕಾಲಂ. ಅಂಕ ಅಂಕವೇ" ಎಂದಿರಿ. ಆ ಹೊತ್ತಿಗೇ ಚಹಾ ಬಂದದ್ದು.

ನನ್ನ ಸಿಟ್ಟು ಆ ಪದದ ಮೇಲಲ್ಲ. ಪದ ತಿಳಿಯದಿರುವುದು ಅಪರಾಧವಲ್ಲ, ತಾವು ಬೆಳಗ್ಗೆ ತಿನ್ನುವ "ತಿಂಡಿ" ನಮ್ಮ ಕಡೆ ತುರಿಕೆ, ನಾನೂ ಮೊದಮೊದಲು ಹಾಗೆಯೇ ತಿಳಿದಿದ್ದೆ. ಆದರೆ ಪದ ತಿಳಿದ ಮೇಲೂ ತೀರ್ಪು ಬದಲಾಗಲಿಲ್ಲವಲ್ಲ, ಅದಕ್ಕೇನು ಹೇಳೋಣ? ಒಬ್ಬ ಜೋಳದ ಚೀಲ ಹೊತ್ತು ಬಂದ, ಇನ್ನೊಬ್ಬ ಚುರುಮುರಿ ಚೀಲ ಹೊತ್ತು ಬಂದ. ಯಾರು ಬೇಗ ಬಂದರು ಎಂದಷ್ಟೇ ನೋಡಿ ಇನಾಮು ಕೊಡುವವರಿಗೆ ಸಂತೆಯಲ್ಲಿ ಏನೆನ್ನುತ್ತಾರೆಂದು ಪತ್ರಿಕೆಯಲ್ಲಿ ಬರೆಯಲು ಬರುವುದಿಲ್ಲ. ಆ ಜೋಳದ ಚೀಲವನ್ನು ಹೊರಿಸಿದವರಾದರೂ ಯಾರು? ವಿಜ್ಞಾನಕ್ಕೆ ಕಠಿಣ ಗಣಿತ ಬೇಕು ಎಂದು ಹೈಸ್ಕೂಲಿಗೆ ಹೇಳಿದವರು ಕಾಲೇಜಿನವರೇ ಅಲ್ಲವೇ?

ಇನ್ನು ಭೀಮಶ್ಯಾನ ಸಮಾಚಾರ. ತಮ್ಮ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರು ಮೊದಲ ದಿನವೇ "ಇದೆಲ್ಲ ನಿಮಗೆ ಗೊತ್ತಿರುವುದೇ" ಎಂದು ಹಲಗೆ ತುಂಬ ಬರೆದು ಒರೆಸಿದರಂತೆ. ಅವನಿಗೆ ತಲೆ ಬುಡ ತಿಳಿಯಲಿಲ್ಲ. ಭಾನುವಾರ ಕನ್ನೊಳ್ಳಿಗೆ ಬಂದು ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತ. ಕಲಿಸಿದವಳು ಯಾರು ಎಂದು ಹೇಳಬೇಕೇ? ಸೀಟು ಸಿಗದ ಹುಡುಗಿ ಸೀಟು ಸಿಕ್ಕ ಹುಡುಗನಿಗೆ ಪಾಟಿಯ ಮೇಲೆ ಬಳಪದಿಂದ ಸಮೀಕರಣ ಬಿಡಿಸಿ ತೋರಿಸುತ್ತಿದ್ದಳು. ಅಕ್ಕ ರೊಟ್ಟಿ ಬಡಿಯುತ್ತ, "ಕಾಲೇಜು ಇಲ್ಲೇ ಬಂದಂಗಾತಲ್ಲೋ ತಮ್ಮಾ" ಎಂದಳು. ಎಲ್ಲರೂ ನಕ್ಕರು, ಸುಂದರವ್ವ ನಗಲಿಲ್ಲ.

ಮೊನ್ನೆ ಅದೇ ಭೀಮಶ್ಯಾ ನನ್ನ ಮನೆಗೆ ಬಂದಿದ್ದ. "ನನಗ ಆಗೂದಿಲ್ರಿ ವಕೀಲ್ರ. ನಾ ಆರ್ಟ್ಸಿಗೆ ಹೊಂಟೇನಿ, ಅರ್ಜಿ ಕೊಟ್ಟೇನಿ. ನನ್ನ ಜಾಗಾ ಸುಂದರವ್ವಗ ಕೊಡಸ್ರಿ" ಎಂದ. ಹುಡುಗನಿಗೆ ಇರುವಷ್ಟು ನಾಚಿಕೆ ನಮ್ಮಂಥ ದೊಡ್ಡವರಿಗೆ ಇರಬಾರದೇ? ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿದರೆ, ಆ ಜಾಗಕ್ಕೆ ಸರದಿಯಲ್ಲಿರುವವನೂ ಹಗುರ ಗಣಿತದವನೇ! ಅವನೂ ಮುಂದಿನ ತಿಂಗಳು ಅಕ್ಕನ ಕಟ್ಟೆಗೆ ಬರುತ್ತಾನೆಯೇ? ದೀಪಾವಳಿ ಆದ ಮೇಲೆ ಅವಳು ಲಚ್ಯಾಣಕ್ಕೆ ಹೋಗಿರುತ್ತಾಳಲ್ಲ, ಆಗ ತಮ್ಮ ಕಾಲೇಜಿಗೆ ಗಣಿತ ಕಲಿಸುವವರು ಯಾರು?

ನನ್ನ ಬೇಡಿಕೆ ಇಷ್ಟು. ಕಠಿಣ ಗಣಿತಕ್ಕೆ ಅದರ ಭಾರಕ್ಕೆ ತಕ್ಕ ಬೆಲೆ ಕೊಡುವ ನಿಯಮವನ್ನು ಬರುವ ವರ್ಷಕ್ಕಾದರೂ ಮಾಡಿರಿ. ಅದಕ್ಕೆ ಸಭೆ, ಉಪಸಭೆ, ಚಹಾ ಎಲ್ಲ ಆಗಲಿ, ನಾನು ಕಾಯುತ್ತೇನೆ. ಸುಂದರವ್ವನಿಗೆ ಕಾಯುವ ಪುರಸತ್ತಿಲ್ಲ. ಬರುವ ಸೋಮವಾರ ಹಿಪ್ಪರಗಿಯ ಕಡೆಯಿಂದ ಬರುವ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಬಂದು ತಮ್ಮ ಬಾಗಿಲ ಮುಂದೆ ಕೂಡುತ್ತೇನೆ. ಅವಳಿಗೂ ಸರದಿಯಲ್ಲಿರುವ ಆ ಹುಡುಗನಿಗೂ ಒಂದೇ ಲೆಕ್ಕ ಕೊಡಿರಿ, ಎಷ್ಟು ಕಠಿಣವಾದರೂ ಸರಿ. ಬಿಡಿಸಿದವರಿಗೆ ಸೀಟು. ಅವಳು ಸೋತರೆ ಇದೇ ಪತ್ರಿಕೆಯಲ್ಲಿ ತಮ್ಮ ಕ್ಷಮೆ ಕೇಳಿ, ಲಗ್ನದ ಕರೆಯೋಲೆಯನ್ನೂ ನಾನೇ ತಂದು ಕೊಡುತ್ತೇನೆ.

ವಿನಂತಿ ಒಂದೇ: ಲೆಕ್ಕ ಕೊಡುವವರು ಮೊದಲು ತಾವು ಅದನ್ನು ಮನೆಯಲ್ಲಿ ಬಿಡಿಸಿ ನೋಡಿಕೊಂಡು ಬರಲಿ.

ಇಂತಿ,
ಎಮ್ಮೆಗಳಿಗೆ ನ್ಯಾಯ ಕೊಡಿಸಿ, ಸೋದರ ಸೊಸೆಗೆ ಕೊಡಿಸಲಾಗದೆ ಕುಳಿತಿರುವ
ಪರಸಪ್ಪ, ವಕೀಲ, ಇಂಡಿ