ಚೌಕಳಿ ಲುಂಗಿಯೊಳಗಿನ ತಲೆ

ಪ್ರಾಣಹಿತಾ ನದಿ ಹಾದಿ ಬದಲಿಸಿದ ನೂರಾ ಹದಿನೆಂಟನೇ ವರ್ಷ, ಫಾಲ್ಗುಣದ ಮೂವತ್ತೆರಡನೇ ದಿನ.

ಸಂಗ್ರಹಾಲಯದ ಉಗ್ರಾಣ ನೋಡಿಕೊಳ್ಳುವ ವೈಜನಾಥರಾಯರಿಗೆ, ನಿಮಗಿಂತ ಹನ್ನೆರಡು ತಲೆಮಾರು ಕಿರಿಯನಾದ ಮಲ್ಲಿನಾಥ ಹಂದರಾಳನ ನಮಸ್ಕಾರಗಳು.

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಮನ್ನಿಸಬೇಕು. ಇದು ಹಿಂದೋಲೆ, ಅಂದರೆ ಕಳೆದ ಕಾಲಕ್ಕೆ ಬರೆಯುವ ಕಾಗದ. ನಮ್ಮಲ್ಲಿ ಒಬ್ಬರಿಗೆ ಜನ್ಮಕ್ಕೆ ಒಂದೇ ಹಿಂದೋಲೆ. ನನ್ನ ಗೆಳೆಯರು ಅದನ್ನು ಮುತ್ತಜ್ಜಿಯರ ಕೈರುಚಿಯ ಗುಟ್ಟು ಕೇಳಲು ಖರ್ಚು ಮಾಡುತ್ತಾರೆ. ನಾನು ನಿಮ್ಮ ಬಾಗಿಲಿನ ಬಗ್ಗೆ ಬರೆಯುತ್ತಿದ್ದೇನೆ. ಖುಷಿಯ ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿ.

ಬೀದರ್ ಕಡೆಯಿಂದ ಬಂದ ನಮ್ಮ ಮಂದಿ ಇಲ್ಲಿ, ನದಿ ಬಿಟ್ಟುಹೋದ ಕೆಂಪು ನೆಲದಲ್ಲಿ, ಅಗೆದ ಎಲುಬುಗಳನ್ನು ಕಾಪಾಡುವ ಎಲುಬುಮನೆ ಕಟ್ಟಿಕೊಂಡಿದ್ದೇವೆ. ಬೆಳಗಾದರೆ ಜೋಳದ ರೊಟ್ಟಿ ಕಟ್ಟಿಕೊಂಡು, ಕಲ್ಲುಗಣ್ಣು ಹೊತ್ತು ಹೊರಡುತ್ತೇವೆ. ಅದು ಬಂಡೆ ಒಡೆಯದೆ ಒಳಗಿನ ಎಲುಬು ತೋರಿಸುವ ಯಂತ್ರ. ಬಿಸಿಲು ಹೆಚ್ಚಾದರೆ ಮುನಿಸಿಕೊಳ್ಳುತ್ತದೆ, ಒದ್ದೆ ಟವೆಲ್ ಹೊದಿಸಿ ಸಮಾಧಾನ ಮಾಡಬೇಕು. ಸಿಕ್ಕ ಪ್ರಾಣಿಯನ್ನು ತೊಟ್ಟಿಲಿಗೆ ಹಾಕುತ್ತೇವೆ. ನಗಬೇಡಿ. ಅದು ಯಾವ ಬಳಗದ್ದೆಂದು ತೀರ್ಮಾನವಾದ ಮೇಲೆ ಸೋದರತ್ತೆಯ ಸ್ಥಾನದಲ್ಲಿರುವವಳು ಅದರ ಕಿವಿಯ ತೂತಿನಲ್ಲಿ ಹೆಸರು ಹೇಳುತ್ತಾಳೆ, ನಾವೆಲ್ಲ ಅವಳ ಬೆನ್ನಿಗೆ ಗುದ್ದುತ್ತೇವೆ. ಆಮೇಲೆ ಕಡಲೆ ಗುಗ್ಗರಿ ಹಂಚುತ್ತೇವೆ.

ಒಂದು ಪ್ರಾಣಿ ಮಾತ್ರ ಅರವತ್ತು ವರ್ಷದಿಂದ ಹೆಸರಿಲ್ಲದೆ ಮಲಗಿದೆ. ಇಪ್ಪತ್ತು ಕೋಟಿ ವರ್ಷಕ್ಕೂ ಹಳೆಯ ಡೈನೋಸಾರ್; ಕರುವಿನಷ್ಟು ಎತ್ತರ, ಎರಡೇ ಕಾಲಿನ ಓಟ, ಹೆಬ್ಬೆರಳಿಗೆ ದೊಡ್ಡ ಉಗುರು. ಸೊಂಟದ ಎಲುಬು ನೋಡಿದವರು ಅದನ್ನು ಮಾಂಸ ತಿನ್ನುವವರ ಬಳಗಕ್ಕೆ ಸೇರಿಸುತ್ತಾರೆ. ಕತ್ತಿನ ನೀಳ ಮಣಿಗಳನ್ನು ನೋಡಿದ ನಾನು, ಇದು ಸೊಪ್ಪು ತಿಂದು ಬದುಕಿದ್ದು, ಮುಂದೆ ಬೆಟ್ಟದಂತೆ ಬೆಳೆದ ಉದ್ದ ಕತ್ತಿನವರ ಮೊದಲ ಪೀಳಿಗೆ ಎನ್ನುತ್ತೇನೆ. ಹಲ್ಲು ಸಿಕ್ಕರೆ ಜಗಳ ಮುಗಿಯಿತು: ಎಲೆಯಂತಿದ್ದು ಅಂಚಿಗೆ ಒರಟು ಕಚ್ಚುಗಳಿದ್ದರೆ ನಾನೇ ಗೆದ್ದೆ. ಆದರೆ ತಲೆಯೇ ಇಲ್ಲವಲ್ಲ! ಹುಡುಗಿಯಾಗಿದ್ದಾಗ ಅದನ್ನು ಅಗೆದು ತೆಗೆದ ನಮ್ಮ ತುಳಜವ್ವ ಅತ್ತೆಗೆ ಈಗ ಎಂಬತ್ತು ದಾಟಿದೆ, ಉಸಿರು ಸಾಲದು. "ಕಿವೀನ ಇಲ್ಲದ ಕೂಸಿಗಿ ಹೆಸರ ಎಲ್ಲಿ ಹೇಳ್ಲಿ? ನಾ ಹೋಗೂದ್ರಾಗ ತಲಿ ಹುಡುಕ್ರೋ" ಎಂದು ದಿನಾ ನಮ್ಮ ಜೀವ ತಿನ್ನುತ್ತಾಳೆ.

ನಿನ್ನೆ ಕತ್ತಿನ ತುದಿಯ ಮಣಿ ತೊಳೆಯುವಾಗ ಅದಕ್ಕೆ ಅಂಟಿದ್ದ ಪ್ಲಾಸ್ಟರಿನ ಚೂರು ಕಂಡಿತು. ನಿಮ್ಮ ಕಾಲದವರು ಎಲುಬಿದ್ದ ಕಲ್ಲಿಗೆ ಗೋಣಿಪಟ್ಟಿ, ಪ್ಲಾಸ್ಟರ್ ಸುತ್ತುತ್ತಿದ್ದರಲ್ಲ. ಹಾಗೆ ಈ ತಲೆಯನ್ನಷ್ಟೇ ಸುತ್ತಿ ಒಯ್ದು, ಉಳಿದ ಮೈಯನ್ನು ನೆಲದಲ್ಲೇ ಬಿಟ್ಟಿದ್ದಾರೆ. ಅಂದು ಗೋಣಿ ಮುಗಿದು, ಯಾರೋ ಪುಣ್ಯಾತ್ಮ ಉಟ್ಟ ಲುಂಗಿಯನ್ನೇ ಹರಿದಿದ್ದಾನೆ! ನೀಲಿ ಕೆಂಪು ಚೌಕಳಿ, ನಡುವೆ ಹಳದಿ ಗೆರೆ. ಎಲ್ಲೋ ನೋಡಿದ್ದೆನಲ್ಲ ಎಂದು ಓಡಿಹೋಗಿ ಹಳೆಯ ಫೋಟೊಗಳನ್ನು ಹರವಿದೆ. ನಿಮ್ಮ ಬೀಳ್ಕೊಡುಗೆಯ ಗ್ರೂಪ್ ಫೋಟೊ: ಹಾರ ಹಾಕಿಕೊಂಡ ನೀವು, ಹಿಂದೆ ಉಗ್ರಾಣದ ಬಾಗಿಲು, ಅದು ಗಾಳಿಗೆ ಬಡಿಯದಂತೆ ಒತ್ತಿಟ್ಟ ಬಿಳಿ ಗಡ್ಡೆ. ಗಡ್ಡೆಯ ಒಡೆದ ಮೂಲೆಯಲ್ಲಿ ಅದೇ ಚೌಕಳಿ, ಅದೇ ಹಳದಿ ಗೆರೆ! ನಾನು ಕಿರುಚಿದ್ದಕ್ಕೆ ಅಡುಗೆಮನೆಯವರು ಹಾವು ಬಂತೆಂದು ಕೋಲು ಹಿಡಿದು ಬಂದರು.

ನಿಮ್ಮ ನಂತರದ ಫೋಟೊಗಳಲ್ಲಿ ಆ ಬಾಗಿಲಿಗೆ ಇಟ್ಟಿಗೆ ಇದೆ. ಗಡ್ಡೆ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.  ಆದರೆ ಅದೇ ಬೀಳ್ಕೊಡುಗೆಯ ಫೋಟೊದಲ್ಲಿ ನಿಮ್ಮ ಬಲಕ್ಕೆ, ಗೋಡೆಯಲ್ಲಿ, ಒಂದು ಖಾಲಿ ಗೂಡು ಕಾಣುತ್ತದೆ. ಆ ಗೋಡೆ ಇಂದಿಗೂ ನಿಂತಿದೆ, ಮತ್ತು ಗೂಡನ್ನು ಯಾರೋ ಗಾರೆ ಮೆತ್ತಿ ಮುಚ್ಚಿದ್ದಾರೆ. ಯಾರು, ಯಾಕೆ ಎಂದು ಈವರೆಗೆ ಒಬ್ಬರೂ ಕೇಳಿಲ್ಲ.

ಅದು ನೀವೇ ಆಗಿರಲಿ ರಾಯರೇ, ಕೈಮುಗಿಯುತ್ತೇನೆ. ಫೋಟೊ ಮುಗಿದ ಕೂಡಲೇ, ಚಹಾ ಕುಡಿಯುವ ಮೊದಲೇ, ಆ ಗಡ್ಡೆಯನ್ನು ಗೂಡಿನೊಳಗಿಟ್ಟು ಮುಚ್ಚಿಬಿಡಿ. ಈ ಕಾಗದ ಹೋದ ಮೇಲೆ ಅತ್ತೆಯನ್ನು ಕುರ್ಚಿ ಸಮೇತ ಹೊತ್ತುಕೊಂಡು, ಆ ಗೂಡು ಒಡೆದು ನೋಡಲು ನಿಮ್ಮ ಊರಿಗೆ ಹೊರಡುತ್ತೇವೆ. ಅವಳು ಆಗಲೇ ಕಡಲೆ ನೆನೆಹಾಕಿಸಿದ್ದಾಳೆ.

ಬಾಗಿಲು ಬಡಿದುಕೊಂಡರೆ ಬಡಿದುಕೊಳ್ಳಲಿ.