‘ನಾನಿದ್ದೇನೆ’ ಎಂದ ಇನ್ನೊಂದು ಕಂಪ್ಯೂಟರ್

ಕಸ್ತೂರಮ್ಮ ಸಿಸ್ಟರ್ ಅವರಿಗೆ,

ಇವತ್ತು ಬೆಳಿಗ್ಗೆ ಹರಿಹರದಲ್ಲಿ ಬಸ್ಸಿಳಿದು ನಿಮ್ಮ ಬೀದಿಯ ತಿರುವಿನವರೆಗೆ ಬಂದಿದ್ದೆ. ಬಾಗಿಲು ತೆರೆದೇ ಇತ್ತು. ಒಳಗೆ ಬರದೆ ದಾವಣಗೆರೆಗೆ ಮರಳಿ ಇದನ್ನು ಬರೆಯುತ್ತಿದ್ದೇನೆ.

ಆಯುಧಪೂಜೆಯ ದಿನ ಹೃದಯದ ವಾರ್ಡಿನಲ್ಲಿ ಅಲಾರಂ ಹೊಡೆದರೂ ನೀವು ಮಂಡಕ್ಕಿ ತಿನ್ನುತ್ತಾ ಕೂತಿದ್ದಿರಿ ಎಂದು ದೂರಿನಲ್ಲಿ ಬರೆದಿದ್ದಾರೆ. ನಿಮ್ಮನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಆದರೆ ಆ ಹೊತ್ತಿಗೆ ನೀವು ಆರನೇ ಹಾಸಿಗೆಯ ಡ್ರಿಪ್ ಬದಲಿಸುತ್ತಿದ್ದಿರಿ. ಅಲಾರಂ ನಿಮ್ಮ ಮೇಜಿನಲ್ಲಿ ಹೊಡೆಯಲೇ ಇಲ್ಲ. ಇದು ನನಗೆ ಗೊತ್ತು, ನಾಲ್ಕು ದಿನದಿಂದ ಗೊತ್ತು.

ರೋಗಿಗಳು ಹೆದರದಿರಲೆಂದು ಹಾಸಿಗೆ ಪಕ್ಕದ ಮಾನಿಟರ್‌ಗಳ ಸದ್ದನ್ನು ಸಣ್ಣದಾಗಿಟ್ಟು, ದೊಡ್ಡ ಅಲಾರಂ ನಿಮ್ಮ ಮೇಜಿನ ಕಂಪ್ಯೂಟರಿನಲ್ಲಿ ಬರುವಂತೆ ನಾವು ಕಂಪ್ಯೂಟರ್ ವಿಭಾಗದವರು ಮಾಡಿದ್ದೇವೆ. ಆ ಕಂಪ್ಯೂಟರ್ ಎಲ್ಲಿದೆಯೆಂಬುದು ಮಾನಿಟರ್‌ಗಳಿಗೆ ಮೊದಲೇ ತಿಳಿದಿರುವುದಿಲ್ಲ. ‘ಅಲಾರಂ ಕೇಳಿಸಿಕೊಳ್ಳುವವರು ಯಾರಿದ್ದೀರಿ?’ ಎಂದು ನೆಟ್‌ವರ್ಕಿನಲ್ಲಿರುವ ಎಲ್ಲರನ್ನೂ ಅವು ಕೇಳುತ್ತವೆ. ಮೊದಲು ‘ನಾನಿದ್ದೇನೆ’ ಎಂದವರ ವಿಳಾಸ ಹಿಡಿದುಕೊಳ್ಳುತ್ತವೆ. ಆ ವಿಳಾಸ ಸುಮ್ಮನಾಗುವ ತನಕ ಮತ್ತೆ ಯಾರನ್ನೂ ಕೇಳುವುದಿಲ್ಲ.

ಪೂಜೆಗೆಂದು ನಿಮ್ಮ ಕಂಪ್ಯೂಟರನ್ನು ನಾನೇ ಆಫ್ ಮಾಡಿದೆ. ಒರೆಸಿ, ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದೆ. ಅರ್ಧ ಗಂಟೆ ಅದು ಮೌನವಾಗಿತ್ತು. ಹೊಸ ಸಾಫ್ಟ್‌ವೇರ್ ಪರೀಕ್ಷಿಸಲು ಸ್ಟೋರ್ ರೂಮಿನಲ್ಲಿ ಇನ್ನೊಂದನ್ನು ಇಟ್ಟಿದ್ದೆ. ಅದನ್ನು ಆಫ್ ಮಾಡಲೂ ಇಲ್ಲ, ಅದಕ್ಕೆ ಹೂವು ಹಾಕಲೂ ಇಲ್ಲ, ಮರೆತಿದ್ದೆ. ಮಾನಿಟರ್‌ಗಳು ಕೇಳಿದಾಗ ಉತ್ತರಿಸಿದ್ದು ಅದು. ನಿಮ್ಮದು ಮತ್ತೆ ಎದ್ದು ಕೂತಾಗ ಯಾವ ಮಾನಿಟರೂ ನಿಮ್ಮದರತ್ತ ಮರಳಲಿಲ್ಲ. ಯಾವ ಯಂತ್ರವೂ ಕೆಟ್ಟಿರಲಿಲ್ಲ ಸಿಸ್ಟರ್, ಎಲ್ಲವೂ ಹೇಳಿದಂತೆಯೇ ಕೆಲಸ ಮಾಡಿದವು. ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಅದೇ.

ನೀವು ಗಮನಿಸಿದ್ದಿರಿ. “ಏನಪ್ಪಾ ಅಂಜನಾ, ನಿನ್ನ ಡಬ್ಬಿಗೆ ನಿದ್ದಿ ಬಂದೈತೇನು? ಒಂದು ಸದ್ದೂ ಇಲ್ಲ” ಅಂದಿರಿ. ನಾನು ನಕ್ಕು, “ನಿಮ್ಮ ಕೈಗುಣ ಸಿಸ್ಟರ್, ಎಲ್ಲಾ ಆರಾಮ್ ಅದಾರೆ. ಸುಮ್ನೆ ಮಂಡಕ್ಕಿ ತಿನ್ರಿ” ಅಂದೆ. ಎದ್ದು ಒಂದು ಸಲ ಪರೀಕ್ಷಿಸಿದ್ದರೆ ಎರಡು ನಿಮಿಷದ ಕೆಲಸ.

ಹನ್ನೊಂದು ಗಂಟೆ ಐವತ್ತೆರಡು ನಿಮಿಷಕ್ಕೆ ಮಾಯಕೊಂಡದ ಮೈಲಮ್ಮನವರ ಎದೆಬಡಿತ ತೀರಾ ಇಳಿಯಿತು. ಬೀಗ ಹಾಕಿದ ಸ್ಟೋರ್ ರೂಮಿನಲ್ಲಿ ಸ್ಪೀಕರ್ ಇಲ್ಲದ ಪರದೆಯೊಂದು ಹನ್ನೊಂದು ನಿಮಿಷ ಕೆಂಪಾಗಿ ಮಿನುಗಿತು. ಆಮೇಲೆ ಅವರ ತಂಗಿ ದುರುಗವ್ವ, “ಸಿಸ್ಟರ್, ಲಗೂನ ಬರ್ರಿ, ನಮ್ಮಕ್ಕ ಕಣ್ಣು ಬಿಡವಲ್ಲಳು!” ಎಂದು ಕೂಗಿಕೊಂಡು ಬಂದರು. ನೀವು ಓಡಿದ್ದರಿಂದ ಮೈಲಮ್ಮ ಉಳಿದರು. ಮಾತು ಇನ್ನೂ ಬಂದಿಲ್ಲ.

ಆ ಸಂಜೆ ಸ್ಟೋರ್ ರೂಮಿನ ಕಂಪ್ಯೂಟರಿನ ದಾಖಲೆ ತೆಗೆದು ನೋಡಿದೆ. ಯಾವ ಮಾನಿಟರ್ ಯಾವಾಗ ಯಾರನ್ನು ಹುಡುಕಿಕೊಂಡು ಹೋಯಿತು ಎಂಬುದೆಲ್ಲ ಅದರಲ್ಲಿತ್ತು. ಆ ಕಂಪ್ಯೂಟರ್ ಐದು ದಿನದ ದಾಖಲೆ ಮಾತ್ರ ಇಟ್ಟುಕೊಳ್ಳುತ್ತದೆ. ನಾನು ಏನನ್ನೂ ಅಳಿಸಬೇಕಿಲ್ಲ, ನಾಳೆ ಸಂಜೆಯವರೆಗೆ ಸುಮ್ಮನಿದ್ದರೆ ಸಾಕು, ತಾನಾಗಿ ಹೋಗುತ್ತದೆ. ಕೆಲಸ, ಪೊಲೀಸು, ದುರುಗವ್ವನ ಮುಖ, ಎಲ್ಲಕ್ಕೂ ಹೆದರಿದ್ದೇನೆ. ಸುಮ್ಮನಿರುವುದು ಇಷ್ಟು ಸುಲಭವಾಗಿರುವುದಕ್ಕೆ ಇನ್ನೂ ಹೆಚ್ಚು.

ಅದಕ್ಕೇ ದಾಖಲೆಯ ಆ ಪುಟವನ್ನು ಮುದ್ರಿಸಿ, ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಸಂಜೆ ಬಂದು ನಿಮ್ಮ ಬಾಗಿಲ ಕೆಳಗೆ ತಳ್ಳುತ್ತೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಮೇಲಿನ ದೂರಿನ ವಿಚಾರಣೆ. ನಾನೇ ಹೇಳಬೇಕೆಂದಿದ್ದೇನೆ. ಆದರೆ ನನ್ನನ್ನು ನಾನು ಬಲ್ಲೆ. ನನ್ನ ಬಾಯಿ ಕಟ್ಟಿದರೆ ನೀವು ಕಾಯಬೇಡಿ, ಆ ಪುಟವನ್ನು ಮೇಜಿನ ಮೇಲಿಡಿ. ನನ್ನ ಕಡೆ ನೋಡಬೇಡಿ. ನೋಡಿದರೆ ನಿಮಗೆ ಕನಿಕರ ಬಂದೀತು.

ನಿಮ್ಮ ಕೈ ಮತ್ತೆ ಆ ವಾರ್ಡಿನಲ್ಲಿ ನಾಡಿ ಹಿಡಿಯುವಂತಾಗಲಿ.

ನಿಮಗೆ ಕೇಳಬೇಕಾದದ್ದು ಕೇಳದಂತೆ ಮಾಡಿದವನು,
ಅಂಜನಕುಮಾರ