ಅಮ್ಮಿಯ ಅಖೀಕಾ

ಮಂಗಳವಾರ, ಆಗಸ್ಟ್ 12

ಆಳಂದದ ಸಮಸ್ತ ಸುಳ್ಳುಗಾರರ ಸಾರ್ವಭೌಮರೂ, ಐದು ವರ್ಷದ ಜಸ್ಮೀನಳ ಏಕೈಕ ಮಾಮೂವೂ ಆದ ಶ್ರೀಮನ್ ಮುಜಮ್ಮಿಲ ಮಹಾರಾಜರ, ಅಂದರೆ ನನ್ನದೇ, ಸನ್ನಿಧಿಗೆ: ನೀವು ಕತ್ತೆ.

ಕ್ಯಾನ್ಸರ್ ಔಷಧಕ್ಕೆ ನನ್ನ ಅಕ್ಕನ, ಅಂದರೆ ಜಸ್ಮೀನಳ ಅಮ್ಮಿಯ, ಕೂದಲೆಲ್ಲ ಉದುರಿದಾಗ, "ಅಮ್ಮಿ ತಲಿ ಯಾಕ ಹಂಗ ಆಗ್ಯಾದ ಮಾಮೂ?" ಎಂದು ಜಸ್ಮೀನ ಕೇಳಿದ್ದಳು. ಹುಟ್ಟಿದ ಕೂಸಿಗೆ ಅಖೀಕಾ ದಿನ ತಲೆ ಬೋಳಿಸುತ್ತೇವಲ್ಲ, ಅದೇ ನೆನಪಾಯಿತು. "ನಿಮ್ಮ ಅಮ್ಮಿ ಮತ್ತ ಕೂಸು ಆಗ್ಯಾಳ. ಅಖೀಕಾ ಮಾಡೇವಿ!" ಎಂದೆ.

"ಹಂಗೆಲ್ಲಾ ಹೇಳಬ್ಯಾಡಲೇ," ಎಂದು ನಮ್ಮ ಅಜ್ಜಿ ಗದರಿದ್ದಳು.

ಅಂದಿನಿಂದ ಹುಡುಗಿ ತಾಯಿಯ ಹತ್ತಿರ ಹೋಗಿಲ್ಲ. ತನ್ನ ತಲೆ ಕಂಡು ಮಗಳು ಹೇಸುತ್ತಾಳೆ ಎಂದು ಅಕ್ಕ ಗೋಡೆಯತ್ತ ತಿರುಗಿ ಅಳುತ್ತಾಳೆ.

ಇಂದು ಆಸ್ಪತ್ರೆಯ ಆಪ್ತಸಮಾಲೋಚಕಿ ಮೇಡಂ ಜಸ್ಮೀನಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಮ್ಮಿಯ ಹತ್ತಿರ ಯಾಕೆ ಹೋಗುವುದಿಲ್ಲ ಎಂದು ಕೇಳಿದರು.

"ಅಮ್ಮಿ ಕೂಸು ಅದಾಳ್ರಿ. ಕೂಸಿನ ಮ್ಯಾಲ ಹತ್ತಬಾರದು. ಈಗ ನನ್ನ ಎತ್ಕೊಳ್ಳೋರು ಯಾರ್ರಿ?"

ಅಕ್ಕ ಅವಳನ್ನು ಎಳೆದು ಎತ್ತಿಕೊಂಡಳು. ಎಷ್ಟು ಹೊತ್ತಾದರೂ ಇಳಿಸಲಿಲ್ಲ.

"ಮಕ್ಕಳಿಗೆ ಖರೇನ ಹೇಳ್ರಿ. ಔಷಧಕ್ಕ ಕೂದಲ ಹೋಗ್ಯಾವ, ಅಮ್ಮಿ ಅಮ್ಮಿನೇ ಅನ್ರಿ," ಎಂದರು ಮೇಡಂ. "ಈ ಕಥಿ ಹೇಳಿದೋರು ಯಾರ್ರಿ?"

"ನಾನೇ ರಿ," ಎಂದಳು ಅಜ್ಜಿ.

ಹಾಗೆ ಅನ್ನುವ ಮೊದಲೇ ನಾನು ಅವಳ ಕಡೆ ಬೆರಳು ತೋರಿಸಿಯಾಗಿತ್ತು.